ಮೂರೇ ಜನ ಉಳಿದಾಗ ಎರಡು ಅಂಕ ಯಾಕೆ?

ಕಬಡ್ಡಿಯ ಬಗ್ಗೆ ಎರಡು ಸಾಲು ಬರೆದರೂ ಸಾಕು, ಆ ವಾರವೆಲ್ಲ ಒಂದೇ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದವರಿದ್ದಾರೆ, ಚನ್ನರಾಯಪಟ್ಟಣದಲ್ಲಿ ಬೈಕು ಪಕ್ಕಕ್ಕೆ ಹಾಕಿ ಕೇಳಿದವರಿದ್ದಾರೆ, ಅರಕಲಗೂಡಿನ ಕಡೆಯ ಹುಡುಗರಂತೂ ವಾಟ್ಸ್‌ಆಪ್‌ನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಎಲ್ಲರ ಸಂಕಟವೂ ಒಂದೇ: "ಅಣ್ಣ, ಏಳು ಜನ ಇದ್ದು ರೈಡರ್‌ನ ಹಿಡಿದರೆ ಒಂದು ಪಾಯಿಂಟು. ಮೂರೇ ಜನ ಇದ್ದು ಹಿಡಿದರೆ ಎರಡು. ಕಷ್ಟಪಟ್ಟು ನಾಲ್ಕು ಜನರನ್ನ ಹೊರಗೆ ಕೂರಿಸಿದೋರು ನಾವು. ಸೋಲೋ ಟೀಮಿಗೆ ರೂಲ್ಸೇ ಸಪೋರ್ಟ್ ಮಾಡಿದ್ರೆ ಚೆನ್ನಾಗಿ ಆಡಿದವನ ಗತಿ ಏನು?"

ಪ್ರಶ್ನೆ ಚಿಕ್ಕದೇ. ಆದರೆ ಇದರ ಹಿಂದೆ ಆಟ ನೋಡುವ ಪ್ರತಿಯೊಬ್ಬನೂ ಒಮ್ಮೆಯಾದರೂ ಎದುರಿಸುವ ಇನ್ನೊಂದು ಪ್ರಶ್ನೆ ಕೂತಿದೆ. ನಿಯಮ ಇರುವುದು ಯಾರು ಮೇಲು ಎಂದು ಅಳೆಯುವುದಕ್ಕೋ, ಪಂದ್ಯ ಕೊನೆಯ ನಿಮಿಷದವರೆಗೂ ಉಸಿರಾಡುವಂತೆ ನೋಡಿಕೊಳ್ಳುವುದಕ್ಕೋ? ಎರಡೂ ಬೇಕು ಅನ್ನುವವನು ನಾನು. ಆದರೆ ಎರಡನ್ನೂ ಒಟ್ಟಿಗೆ ಮಾಡುವ ನಿಯಮ ಯಾವುದು, ಒಂದನ್ನು ಕೊಂದು ಇನ್ನೊಂದನ್ನು ಬದುಕಿಸುವ ನಿಯಮ ಯಾವುದು ಎಂಬುದನ್ನು ಬೇರ್ಪಡಿಸಿ ನೋಡಬೇಕು. ಇವತ್ತು ಅಷ್ಟನ್ನೇ ಮಾಡೋಣ.

ಮೊದಲು ಹುಡುಗರು ಕೇಳುವ ಆ ಎರಡು ಅಂಕವನ್ನೇ, ಅಂದರೆ ಸೂಪರ್ ಟ್ಯಾಕಲ್ಲನ್ನೇ ತೆಗೆದುಕೊಳ್ಳಿ. ಕಬಡ್ಡಿ ಅಂಕಣದ ಒಂದು ಅರ್ಧ ಅಂದರೆ 10 ಮೀಟರ್ ಅಗಲ, 6.5 ಮೀಟರ್ ಆಳ. ಏಳು ಜನ ಇದ್ದಾಗ ಎರಡೂ ಮೂಲೆಯಲ್ಲಿ ಕಾರ್ನರ್‌ಗಳು, ಪಕ್ಕದಲ್ಲಿ ಕವರ್‌ಗಳು, ಮಧ್ಯದಲ್ಲಿ ಕೈಕೈ ಹಿಡಿದ ಚೈನು. ಒಬ್ಬ ಕಾಲಿಗೆ ಬಿದ್ದರೆ ಇನ್ನೊಬ್ಬ ಸೊಂಟಕ್ಕೆ, ಮತ್ತೊಬ್ಬ ಹೆಗಲಿಗೆ. ರೈಡರ್ ತಪ್ಪಿಸಿಕೊಂಡರೂ ಮಧ್ಯದ ಗೆರೆಯ ದಾರಿಯಲ್ಲಿ ಮತ್ತೊಬ್ಬ ನಿಂತಿರುತ್ತಾನೆ. ಮೂವರೇ ಉಳಿದಾಗ ಈ ಏರ್ಪಾಡೆಲ್ಲ ಕುಸಿಯುತ್ತದೆ. ಚೈನು ಕಟ್ಟಲು ಜನವಿಲ್ಲ, ಹಿಡಿತ ಜಾರಿದರೆ ಬೆಂಬಲವಿಲ್ಲ. ಹಿಡಿಯಲು ಹೋಗಿ ಸೋತರೆ ಇದ್ದ ಮೂವರಲ್ಲಿ ಒಬ್ಬನೋ ಇಬ್ಬರೋ ಹೊರಗೆ. ಅಂಥ ಹೊತ್ತಿನಲ್ಲಿ ಹಿಡಿದರೆ ಸಿಗುವ ಎರಡನೆಯ ಅಂಕ ದಾನವಲ್ಲ. ಕೆಲಸ ಕಷ್ಟವಾದಷ್ಟು ಕೂಲಿ ಹೆಚ್ಚಾಗಿದೆ, ಅಷ್ಟೆ.

ಇನ್ನೊಂದು ಲೆಕ್ಕವನ್ನು ಸಂಕಟಪಡುವ ಗೆಳೆಯರು ಮರೆಯುತ್ತಾರೆ. ಎದುರಾಳಿಯನ್ನು ಮೂವರಿಗೆ ಇಳಿಸಿದ ತಂಡದ ಮುಂದೆ ದೊಡ್ಡ ಬಹುಮಾನವೇ ಕಾದಿದೆ. ಆ ಮೂವರನ್ನೂ ಔಟ್ ಮಾಡಿದರೆ ಮೂರು ಅಂಕ, ಜೊತೆಗೆ ಇಡೀ ತಂಡವನ್ನು ಔಟ್ ಮಾಡಿದ್ದಕ್ಕೆ ಲೋನಾದ ಎರಡು, ಒಟ್ಟು ಐದು. ಅಂದರೆ ನಿಯಮ ಒಂದು ಕಡೆ ಗೆಲ್ಲುತ್ತಿರುವವನಿಗೆ "ಕೆಲಸ ಪೂರ್ತಿ ಮಾಡು, ಎರಡು ಹೆಚ್ಚು ಕೊಡುತ್ತೇನೆ" ಎನ್ನುತ್ತದೆ. ಇನ್ನೊಂದು ಕಡೆ ಸೋಲುತ್ತಿರುವವನಿಗೆ "ತಪ್ಪಿಸಿಕೋ, ಒಂದು ಹೆಚ್ಚು ಕೊಡುತ್ತೇನೆ" ಎನ್ನುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ನಿಯಮದ ಒಲವು ಈಗಲೂ ಮುಂದಿರುವವನ ಕಡೆಗೇ ಇದೆ. ಸೂಪರ್ ಟ್ಯಾಕಲ್ ಆನ್ ಆದ ಕೂಡಲೇ ಗ್ಯಾಲರಿಯಲ್ಲಿ ಶಿಳ್ಳೆ ಏಳುವುದು ಯಾಕೆಂದರೆ, ಆ ಕ್ಷಣದಲ್ಲಿ ಇಬ್ಬರಿಗೂ ಕಳೆದುಕೊಳ್ಳಲು ಏನೋ ಇದೆ.

ಬೋನಸ್ ಗೆರೆಯದೂ ಇದೇ ಕತೆ. ಮಧ್ಯದ ಗೆರೆಯಿಂದ 4.75 ಮೀಟರ್ ಆಚೆ ಇರುವ ಆ ಗೆರೆಯನ್ನು ದಾಟಿ, ಇನ್ನೊಂದು ಕಾಲು ಗಾಳಿಯಲ್ಲಿಟ್ಟರೆ ಮುಟ್ಟದೆಯೂ ಒಂದು ಅಂಕ. ಆದರೆ ಎದುರು ಆರು ಅಥವಾ ಏಳು ಜನ ಇದ್ದರೆ ಮಾತ್ರ. ಐವರಿಗೆ ಇಳಿದ ತಂಡದ ಮೇಲೆ ಬೋನಸ್ ಇಲ್ಲ. ಇದೂ ಹಿಂದೆ ಬಿದ್ದವನಿಗೆ ಕೊಟ್ಟ ರಕ್ಷಣೆಯೇ ಅಲ್ಲವೇ? ಆದರೆ ಬೋನಸ್ ಬಗ್ಗೆ ಒಬ್ಬನೂ ನನಗೆ ದೂರು ಹೇಳಿಲ್ಲ. ನಾವು ಚಿಕ್ಕಂದಿನಿಂದ ನೋಡಿಕೊಂಡು ಬಂದದ್ದು ಸಹಜವಾಗಿ ಕಾಣುತ್ತದೆ, ಟಿವಿಯಲ್ಲಿ ಲೀಗ್ ಶುರುವಾದ ಮೇಲೆ ಕಿವಿಗೆ ಬಿದ್ದದ್ದು ಗಿಮಿಕ್ಕಾಗಿ ಕಾಣುತ್ತದೆ.

ಹಾಗೆ ನೋಡಿದರೆ ಬಿದ್ದವನನ್ನು ಎತ್ತುವುದು ಕಬಡ್ಡಿಯ ಹುಟ್ಟುಗುಣ. ಹಿಂದೆ ಈ ಆಟಕ್ಕೆ ಮೂರು ಪದ್ಧತಿಗಳಿದ್ದವು: ಗಾಮಿನಿ, ಅಮರ, ಸಂಜೀವಿನಿ. ಗಾಮಿನಿಯಲ್ಲಿ ಔಟಾದವನು ತನ್ನ ತಂಡದ ಏಳೂ ಜನ ಔಟಾಗುವವರೆಗೆ ಹೊರಗೇ ಕೂರಬೇಕು. ಅಮರದಲ್ಲಿ ಯಾರೂ ಹೊರಗೆ ಹೋಗುವುದೇ ಇಲ್ಲ, ಎದುರಾಳಿಗೆ ಅಂಕ ಮಾತ್ರ ಸೇರುತ್ತದೆ. ಸಂಜೀವಿನಿಯಲ್ಲಿ ನಮ್ಮವನೊಬ್ಬ ಎದುರಾಳಿಯನ್ನು ಔಟ್ ಮಾಡಿದರೆ ಹೊರಗೆ ಕೂತ ನಮ್ಮವನೊಬ್ಬ ಒಳಗೆ ಬರುತ್ತಾನೆ. ಇವತ್ತು ನಾವು ಆಡುತ್ತಿರುವುದು ಸಂಜೀವಿನಿ. ಮೂರರಲ್ಲಿ ಆಟಗಾರರಿಗೂ ನೋಡುವವರಿಗೂ ಹಿಡಿಸಿ ಉಳಿದದ್ದು ಅದೇ. ಕಾರಣ ಊಹಿಸುವುದು ಕಷ್ಟವಲ್ಲ. ಗಾಮಿನಿಯಲ್ಲಿ ಮೊದಲು ಇಬ್ಬರನ್ನು ಕಳೆದುಕೊಂಡ ತಂಡಕ್ಕೆ ಮುಂದಿನ ದಾರಿ ಬರೀ ಇಳಿಜಾರು. ಸಂಜೀವಿನಿಯಲ್ಲಿ ಒಂದೇ ಒಂದು ಒಳ್ಳೆಯ ರೈಡು ಮೂವರನ್ನು ವಾಪಸು ಕರೆತರಬಲ್ಲದು. ಅಮರ ಪದ್ಧತಿಯೂ ಪೂರ್ತಿ ಸತ್ತಿಲ್ಲ. ಸಮಬಲವಾದಾಗ ಆಡಿಸುವ ಐದೈದು ರೈಡುಗಳ ಟೈಬ್ರೇಕರ್‌ನಲ್ಲಿ ಔಟಾದವನು ಹೊರಗೆ ಹೋಗುವುದಿಲ್ಲ, ಏಳೂ ಜನ ಕೊನೆಯವರೆಗೆ ಒಳಗೇ ಇರುತ್ತಾರೆ.

ಈ ಚರ್ಚೆ ನಮ್ಮೊಬ್ಬರದೇ ಅಲ್ಲ. ಯೂಟ್ಯೂಬ್ ಕೃಪೆಯಿಂದ ನನಗೆ ಅಂಟಿಕೊಂಡ ಒಂದು ಹುಚ್ಚೆಂದರೆ ಬ್ರಿಟನ್ನಿನ ಸ್ಪೀಡ್‌ವೇ. ಬ್ರೇಕೇ ಇಲ್ಲದ, ಒಂದೇ ಗೇರಿನ, ಮೆಥನಾಲಿನಲ್ಲಿ ಓಡುವ 500 ಸಿಸಿ ಬೈಕು. ಮಣ್ಣಿನ ಅಂಡಾಕಾರದ ಟ್ರ್ಯಾಕಿನಲ್ಲಿ ಒಮ್ಮೆಗೆ ನಾಲ್ವರು ಸವಾರರು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷದಲ್ಲಿ ಮುಗಿಯಿತು. ತಂಡಕ್ಕೆ ಇಬ್ಬರಂತೆ ಹೊರಡುತ್ತಾರೆ. ಮೊದಲು ಬಂದವನಿಗೆ 3 ಅಂಕ, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಸಾಮಾನ್ಯವಾಗಿ ಇಂಥ 15 ಓಟ ಸೇರಿ ಒಂದು ಪಂದ್ಯ. ಅಲ್ಲಿ ಲೀಗ್ ಶುರುವಾದದ್ದು 1929ರಲ್ಲಿ. ಮ್ಯಾಂಚೆಸ್ಟರಿನ ಬೆಲ್ ವ್ಯೂ, ಇಪ್ಸ್‌ವಿಚ್, ಪೂಲ್ ಮುಂತಾದ ಊರುಗಳ ಅಭಿಮಾನಿಗಳು ತಲೆಮಾರುಗಳಿಂದ ಜಗಳವಾಡುತ್ತಿರುವುದು ನಮ್ಮ ಹುಡುಗರು ಕೇಳುವ ಪ್ರಶ್ನೆಯ ಮೇಲೆಯೇ: ಹಿಂದೆ ಬಿದ್ದವನಿಗೆ ನಿಯಮ ಎಷ್ಟು ಕೈಹಿಡಿಯಬೇಕು?

ಅಲ್ಲಿ ಒಂದು ಕಾಲದಲ್ಲಿ, ಪಂದ್ಯದಲ್ಲಿ ಇಷ್ಟು ಅಂಕ ಹಿಂದೆ ಬಿದ್ದ ತಂಡ ತನ್ನ ಒಬ್ಬ ಸವಾರನನ್ನು ಆರಿಸಿ, ಆ ಒಂದು ಓಟದಲ್ಲಿ ಅವನು ಗಳಿಸಿದ ಅಂಕವನ್ನು ಎರಡರಷ್ಟು ಮಾಡಿಕೊಳ್ಳಬಹುದಿತ್ತು. ಗೆದ್ದರೆ 3 ಅಲ್ಲ, 6. ಈ ನಿಯಮ ಎರಡು ರೂಪದಲ್ಲಿ ಬಂದಿತ್ತು. ಒಂದರಲ್ಲಿ ಆ ಸವಾರ ಉಳಿದವರಿಗಿಂತ 15 ಮೀಟರ್ ಹಿಂದೆ ನಿಂತು ಹೊರಡಬೇಕು. ಇನ್ನೊಂದರಲ್ಲಿ ಎಲ್ಲರ ಜೊತೆಗೇ ಹೊರಡಬಹುದು. ಮೇಲ್ನೋಟಕ್ಕೆ ಸಣ್ಣ ವ್ಯತ್ಯಾಸ. ನನ್ನ ದೃಷ್ಟಿಯಲ್ಲಿ ನ್ಯಾಯ ಅನ್ಯಾಯದ ಗೆರೆ ಇರುವುದು ಆ 15 ಮೀಟರಿನಲ್ಲೇ. ಹಿಂದಿನಿಂದ ಹೊರಟು ಮೂವರನ್ನು ದಾಟಿ ಬಂದವನಿಗೆ ಎರಡರಷ್ಟು ಕೊಡಿ, ಯಾರೂ ತಕರಾರು ಮಾಡುವುದಿಲ್ಲ, ಅವನು ದುಡಿದದ್ದು ಎರಡರಷ್ಟು. ಒಂದೇ ಗೆರೆಯಿಂದ ಹೊರಟು, ಒಂದೇ ಓಟ ಓಡಿ, ಒಬ್ಬನ ಗೆಲುವಿಗೆ 3, ಇನ್ನೊಬ್ಬನ ಗೆಲುವಿಗೆ 6 ಅಂದರೆ ಆಗ ಹೊಟ್ಟೆ ಉರಿಯುತ್ತದೆ. ಮೊದಲನೆಯದು ನಮ್ಮ ಸೂಪರ್ ಟ್ಯಾಕಲ್ಲಿಗೆ ಹತ್ತಿರ. ಎರಡನೆಯದು ಬರೀ ಕರುಣೆ, ಮತ್ತು ಆ ಕರುಣೆಯ ಖರ್ಚು ಎದುರಾಳಿಯ ಜೇಬಿನಿಂದ.

ಹೀಗೆ ನೋಡುತ್ತಾ ಹೋದಾಗ ಯಾವ ನಿಯಮವನ್ನಾದರೂ ಮೂರು ಪ್ರಶ್ನೆ ಕೇಳುವ ಅಭ್ಯಾಸ ನನಗೆ ಬಂದಿದೆ. ಆಟ ಶುರುವಾಗುವ ಮೊದಲೇ ಇಬ್ಬರಿಗೂ ಇದು ಗೊತ್ತಿತ್ತೇ? ಇವತ್ತು ನನಗೆ ಅನ್ವಯಿಸಿದ್ದು ನಾಳೆ ಇದೇ ಸ್ಥಿತಿಯಲ್ಲಿ ನಿನಗೂ ಅನ್ವಯಿಸುತ್ತದೆಯೇ? ಈ ನಿಯಮದಿಂದ ಆಟಗಾರ ಹೆಚ್ಚು ಆಡುತ್ತಾನೋ, ಕಡಿಮೆ ಆಡುತ್ತಾನೋ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಅದು ಯಾರಿಗೆ ನೆರವಾಯಿತು ಎಂಬುದು ದೊಡ್ಡ ಮಾತಲ್ಲ.

ಮೂರನೆಯ ಪ್ರಶ್ನೆಯಲ್ಲಿ ಸೋತ ನಿಯಮಕ್ಕೆ ಉದಾಹರಣೆ ಪ್ರೊ ಕಬಡ್ಡಿಯಲ್ಲೇ ಇತ್ತು. 2014ರ ಜುಲೈ 26ರಂದು ಶುರುವಾದ ಈ ಲೀಗಿನಲ್ಲಿ ಬಹಳ ವರ್ಷ ಗೆದ್ದವರಿಗೆ 5 ಅಂಕ, ಸಮಬಲಕ್ಕೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೂ 1 ಅಂಕ ಇತ್ತು. ಉದ್ದೇಶ ಒಳ್ಳೆಯದೇ, ಸೋಲುವವನೂ ಕೊನೆಯವರೆಗೆ ಹೋರಾಡಲಿ ಎಂದು. ಆದರೆ ಆದದ್ದೇನು? ಕೊನೆಯ ಒಂದೆರಡು ನಿಮಿಷ ಉಳಿದಿರುವಾಗ ಆರೇಳು ಅಂಕ ಹಿಂದಿರುವ ತಂಡ ಗೆಲ್ಲುವ ಆಸೆ ಬಿಟ್ಟು ಆ ಅಂತರವನ್ನು ಕಾಪಾಡಿಕೊಳ್ಳಲು ಕೂರುತ್ತಿತ್ತು. ರೈಡರ್ ಹೋಗಿ ಬಾಕ್ ಲೈನ್ ದಾಟಿ ಬರುವುದು, ಮೂವತ್ತು ಸೆಕೆಂಡು ಕಳೆಯುವುದು, ಸೋಲಿನ ಒಂದು ಅಂಕ ಜೇಬಿಗೆ ಹಾಕಿಕೊಳ್ಳುವುದು. ಮುಂದಿರುವವರಿಗೂ ಗೆಲುವು ಸಿಕ್ಕಿದೆ, ಅವರಿಗೂ ಅವಸರವಿಲ್ಲ. ಟಿಕೆಟ್ ಕೊಟ್ಟು ಬಂದವನು ಹದಿನಾಲ್ಕು ಜನ ಗಡಿಯಾರ ನೋಡುವುದನ್ನು ನೋಡಬೇಕು. 2025ರ ಹನ್ನೆರಡನೆಯ ಸೀಸನ್ನಿನಲ್ಲಿ ಅದನ್ನು ಕಿತ್ತು ಹಾಕಿ ಗೆಲುವಿಗೆ 2, ಸೋಲಿಗೆ ಸೊನ್ನೆ ಎಂದು ಮಾಡಿದರು. ಲೀಗ್ ಹಂತದ ಪಂದ್ಯ ಸಮವಾದರೂ ಟೈಬ್ರೇಕರ್, ಅದೂ ಸಮವಾದರೆ ಗೋಲ್ಡನ್ ರೈಡ್. ಒಳ್ಳೆಯ ಕೆಲಸ ಎಂದೇ ನನ್ನ ಅಭಿಪ್ರಾಯ.

ಇದಕ್ಕೆ ಎದುರಾಗಿ ಡೂ ಆರ್ ಡೈ ನಿಯಮವನ್ನು ನೋಡಿ. ನಮ್ಮ ಕಡೆ ಹುಡುಗರು "ಥರ್ಡ್ ರೈಡ್" ಎನ್ನುತ್ತಾರೆ. ಸತತ ಎರಡು ರೈಡು ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ರೈಡರ್ ಔಟ್. ಇದು ಬರುವ ಮೊದಲು ನಾಲ್ಕು ಅಂಕ ಮುಂದಿದ್ದ ತಂಡ ಪಂದ್ಯದ ಕೊನೆಯ ಐದು ನಿಮಿಷವನ್ನು ಮಧ್ಯದ ಗೆರೆಯ ಹತ್ತಿರವೇ ಕಳೆಯಬಹುದಿತ್ತು. ಮುಂದಿರುವವನಿಗೆ ಇದು ಕಿರಿಕಿರಿ, ನಿಜ. ಆದರೆ ಅವನನ್ನು ಆಟ ಆಡುವಂತೆ ಮಾಡುತ್ತದೆ. ಯಾರನ್ನೂ ಎತ್ತುವುದಿಲ್ಲ, ಯಾರನ್ನೂ ಅಡಗಲು ಬಿಡುವುದೂ ಇಲ್ಲ.

ನಿಯಮ ಮೊದಲೇ ಗೊತ್ತಿರಬೇಕು ಎಂಬ ನನ್ನ ಮೊದಲ ಪ್ರಶ್ನೆ ಎಷ್ಟು ಮುಖ್ಯ ಎಂಬುದಕ್ಕೆ 2023ರ ಅಕ್ಟೋಬರ್ 7ಕ್ಕಿಂತ ದೊಡ್ಡ ಸಾಕ್ಷಿ ಬೇಡ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ಫೈನಲ್, ಭಾರತ ಮತ್ತು ಇರಾನ್. 2018ರ ಜಕಾರ್ತಾದಲ್ಲಿ ಸೆಮಿಫೈನಲಿನಲ್ಲೇ ನಮ್ಮನ್ನು ಮನೆಗೆ ಕಳಿಸಿದ್ದ ಇರಾನ್. ಸ್ಕೋರು 28-28, ಉಳಿದಿದ್ದದ್ದು ಬಹಳ ಕಡಿಮೆ ಸಮಯ. ಭಾರತದ ಪವನ್ ಸೆಹ್ರಾವತ್ ಡೂ ಆರ್ ಡೈ ರೈಡಿಗೆ ಹೋಗಿ, ಯಾರನ್ನೂ ಮುಟ್ಟದೆ ಪಕ್ಕದ ಲಾಬಿಗೆ ಕಾಲಿಟ್ಟರು. ಅವರನ್ನು ಹಿಡಿಯುವ ಭರದಲ್ಲಿ ಇರಾನಿನ ಡಿಫೆಂಡರ್‌ಗಳೂ ಹಿಂದೆಯೇ ಲಾಬಿಗೆ ನುಗ್ಗಿದರು. ಈಗ ಔಟಾದವರು ಯಾರು? ಹಳೆಯ ನಿಯಮದಂತೆ, ಮುಟ್ಟಾಟ ಆಗದೆ ಲಾಬಿಗೆ ಹೋದ ಡಿಫೆಂಡರ್‌ಗಳೂ ಔಟು. ಪ್ರೊ ಕಬಡ್ಡಿಯಲ್ಲಿ ರೂಢಿಗೆ ಬಂದ ಹೊಸ ನಿಯಮದಂತೆ ರೈಡರ್ ಒಬ್ಬನೇ ಔಟು. ಯಾವುದು ಅನ್ವಯ ಎಂಬುದು ಅಂಪೈರುಗಳಿಗೇ ಸ್ಪಷ್ಟವಿರಲಿಲ್ಲ. ತೀರ್ಪು ಒಮ್ಮೆ ಆ ಕಡೆ ವಾಲಿತು, ಒಮ್ಮೆ ಈ ಕಡೆ. ಒಂದು ತಂಡ ಅಂಗಳದಲ್ಲಿ ಕೂತರೆ ಇನ್ನೊಂದು ತಂಡ ವಾದಕ್ಕೆ ಇಳಿಯಿತು. ಪಂದ್ಯ ಹೆಚ್ಚುಕಡಿಮೆ ಒಂದು ಗಂಟೆ ನಿಂತಿತು. ಕೊನೆಗೆ ಭಾರತ 33-29ರಿಂದ ಗೆದ್ದಿತು.

ಚಿನ್ನ ಬಂದದ್ದಕ್ಕೆ ನಾನೂ ಖುಷಿಪಟ್ಟವನೇ. ಆದರೆ ಅಭಿಮಾನಿ ಅನ್ನುವವನು ಆ ಖುಷಿಯ ಒಳಗೇ ಒಂದು ಮುಳ್ಳನ್ನೂ ಇಟ್ಟುಕೊಳ್ಳಬೇಕು. ಅದೇ ತೀರ್ಪು ಇರಾನಿನ ಕಡೆ ಹೋಗಿ ನಾವು ಸೋತಿದ್ದರೆ ನಾವು ಏನೆನ್ನುತ್ತಿದ್ದೆವು? ಅಲ್ಲಿ ಅನ್ಯಾಯ ಇದ್ದದ್ದು ಹಳೆಯ ನಿಯಮದಲ್ಲೂ ಅಲ್ಲ, ಹೊಸ ನಿಯಮದಲ್ಲೂ ಅಲ್ಲ. ಎರಡರಲ್ಲಿ ಯಾವುದನ್ನಾದರೂ ಹಿಡಿದು ಆಡಿಸಬಹುದಿತ್ತು. ಅನ್ಯಾಯ ಇದ್ದದ್ದು 28-28 ಆದ ಮೇಲೆ ನಿಯಮ ಪುಸ್ತಕ ಹುಡುಕಲು ಹೊರಟದ್ದರಲ್ಲಿ. ಸ್ಕೋರ್ ಬೋರ್ಡ್ ಉರಿಯುತ್ತಿರುವಾಗ ನಿಯಮ ಹುಡುಕಿದರೆ, ಸಿಕ್ಕಿದ್ದು ಸರಿಯಾದದ್ದೇ ಆದರೂ ಸೋತವನು ನಂಬುವುದಿಲ್ಲ.

ಈಗ ನಮ್ಮ ಊರಿಗೆ ಬರೋಣ. ಹಾಸನ ಜಿಲ್ಲೆಯಲ್ಲಿ ರಾಗಿ ಕಟಾವು ಮುಗಿದು ಜಾತ್ರೆಗಳು ಶುರುವಾದರೆ ಹೊನಲು ಬೆಳಕಿನ ಕಬಡ್ಡಿಯ ಕಾಲ. ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ, ಯಾರದೋ ನೆನಪಿಗೆ, ಯಾರದೋ ಹುಟ್ಟುಹಬ್ಬಕ್ಕೆ ಪಂದ್ಯಾವಳಿ. ಮಣ್ಣಿನ ಅಂಕಣ ಹೋಗಿ ಬಹಳ ಕಡೆ ಮ್ಯಾಟು ಬಂದಿದೆ. ಪೋಸ್ಟರಿನಲ್ಲಿ ಬಹುಮಾನದ ಮೊತ್ತ ದಪ್ಪಕ್ಷರದಲ್ಲಿ, ದಾನಿಗಳ ಫೋಟೋ ಸಾಲಾಗಿ, ಕೊನೆಗೆ ಸಣ್ಣಕ್ಷರದಲ್ಲಿ ಒಂದು ವಾಕ್ಯ: ಅಂಪೈರುಗಳ ತೀರ್ಪೇ ಅಂತಿಮ. ನಿಯಮದ ವಿಷಯದಲ್ಲಿ ಆಟಗಾರನಿಗೆ ಮೊದಲೇ ಸಿಗುವ ಮಾಹಿತಿ ಬಹಳ ಸಲ ಅಷ್ಟೇ. ಥರ್ಡ್ ರೈಡ್ ಇದೆಯೋ ಇಲ್ಲವೋ, ಸೂಪರ್ ಟ್ಯಾಕಲ್ ಉಂಟೋ, ಲಾಬಿ ಯಾವಾಗ ತೆರೆಯುತ್ತದೆ, ಸಮವಾದರೆ ಐದು ರೈಡೋ ಟಾಸೋ ಎಂಬುದು ತಿಳಿಯುವುದು ಜಗಳ ಬಿದ್ದಾಗ. ಮೈಕ್ ಹಿಡಿದವರು "ದಯವಿಟ್ಟು ಪ್ರೇಕ್ಷಕರು ಅಂಕಣದ ಒಳಗೆ ಬರಬಾರದು" ಎಂದು ಕೂಗಲು ಶುರುಮಾಡಿದರೆ ಅಲ್ಲೊಂದು ಸಣ್ಣ ಹಾಂಗ್‌ಝೌ ನಡೆಯುತ್ತಿದೆ ಎಂದು ತಿಳಿಯಬಹುದು.

ಇಂಥ ಪಂದ್ಯಾವಳಿಗಳಲ್ಲಿ ಕೇಳಿಬರುವ ಇನ್ನೊಂದು ದೂರು ಹೊರಗಿನ ಆಟಗಾರರ ಬಗ್ಗೆ. ಲೀಗ್ ಪಂದ್ಯಗಳಲ್ಲಿ ಊರಿನ ಹುಡುಗರು, ಸೆಮಿಫೈನಲ್ ಹೊತ್ತಿಗೆ ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಕಾರಿನಲ್ಲಿ ಬಂದಿಳಿದ ಇಬ್ಬರು. ಪಾಪ, ತಿಂಗಳುಗಟ್ಟಲೆ ಬೆಳಗಿನ ಜಾವ ಎದ್ದು ಅಭ್ಯಾಸ ಮಾಡಿದ ಹುಡುಗ ಬೆಂಚಿನ ಮೇಲೆ. ಸ್ಪೀಡ್‌ವೇಯಲ್ಲೂ ಅತಿಥಿ ಸವಾರರ ಪದ್ಧತಿ ಇದೆ, ಅದರ ಬಗ್ಗೆ ಅಲ್ಲಿಯ ಅಭಿಮಾನಿಗಳು ಗೊಣಗುವುದೂ ಇದೆ. ಆದರೆ ಅಲ್ಲಿ ಅದಕ್ಕೊಂದು ಕಟ್ಟು ಇದೆ. ತಂಡದ ಸವಾರ ಗಾಯಗೊಂಡಾಗ ಬೇರೆ ತಂಡದಿಂದ ಒಬ್ಬನನ್ನು ಒಂದು ಪಂದ್ಯಕ್ಕೆ ಕರೆಯಬಹುದು. ಪ್ರತಿ ಸವಾರನಿಗೂ ಅವನ ಹಿಂದಿನ ಪಂದ್ಯಗಳ ಲೆಕ್ಕದಿಂದ ಬಂದ ಸರಾಸರಿ ಅಂಕ ಇರುತ್ತದೆ. ಬರುವ ಅತಿಥಿಯ ಸರಾಸರಿ ಗಾಯಗೊಂಡವನ ಸರಾಸರಿಯನ್ನು ಮೀರಬಾರದು. ತಂಡಕ್ಕೆ ಆದ ನಷ್ಟ ತುಂಬಬೇಕು, ಲಾಭ ಆಗಬಾರದು ಎಂಬುದು ಅದರ ಹಿಂದಿನ ವಿಚಾರ.

ನಮ್ಮ ಪಂದ್ಯಾವಳಿಗಳಿಗೆ ಸರಾಸರಿಯ ಲೆಕ್ಕ ಇಡುವುದು ಆಗದ ಮಾತು. ಆದರೆ ಮೊದಲ ಪಂದ್ಯಕ್ಕೆ ಮುಂಚೆ ಹನ್ನೆರಡು ಹೆಸರು ಬರೆಸಿ, ಆಮೇಲೆ ಪಟ್ಟಿ ಮುಚ್ಚುವುದು ಯಾರಿಗಾದರೂ ಆಗುತ್ತದೆ. ಹೊರಗಿನವರು ಬರಲಿ, ಅವರಿಂದ ನಮ್ಮ ಹುಡುಗರು ಕಲಿಯುವುದು ಬಹಳವಿದೆ. ಇಬ್ಬರು ಎಂದು ಮಿತಿ ಹಾಕಿ, ಮೊದಲ ಪಂದ್ಯದಿಂದಲೇ ಆಡಲಿ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಆಧಾರ್ ಕಾರ್ಡ್ ಕಡ್ಡಾಯ ಎಂದು ಬರೆದ ಮೇಲೆ ಅದನ್ನು ಬಲಿಷ್ಠ ತಂಡಕ್ಕೂ ಕೇಳಬೇಕು, ಸಪ್ಪೆ ತಂಡಕ್ಕಷ್ಟೇ ಅಲ್ಲ. ನನ್ನ ಎರಡನೆಯ ಪ್ರಶ್ನೆ ಇರುವುದು ಇಂಥ ಕಡೆಯೇ.

ತೂಕದ ವಿಭಾಗವೂ ಸಮಬಲ ತರುವ ನಿಯಮವೇ. ಹಿರಿಯ ಪುರುಷರ ಕಬಡ್ಡಿಗೇ 85 ಕೆಜಿಯ ಮಿತಿ ಇರುವಾಗ ನಮ್ಮಲ್ಲಿ 55, 60 ಕೆಜಿ ವಿಭಾಗ ಮಾಡುವುದು ಬಹಳ ಒಳ್ಳೆಯ ಯೋಚನೆ. ಅದಿಲ್ಲದಿದ್ದರೆ ಎಷ್ಟೋ ಸಣಕಲು ರೈಡರ್‌ಗಳು ಬೆಳಕಿಗೇ ಬರುತ್ತಿರಲಿಲ್ಲ. ತೊಂದರೆ ಇರುವುದು ತೂಕ ಹಾಕುವ ಹೊತ್ತಿನಲ್ಲಿ. ಬೆಳಗ್ಗೆ ತೂಕ ಹಾಕಿ ರಾತ್ರಿ ಆಡಿಸಿದರೆ, ಹಿಂದಿನ ದಿನದಿಂದ ಉಪವಾಸವಿದ್ದು ಬಿಸಿಲಲ್ಲಿ ಜರ್ಕಿನ್ ಹಾಕಿ ಓಡಿ ತೂಕ ಇಳಿಸಿದ ಹುಡುಗ ಮಧ್ಯಾಹ್ನ ಉಂಡು ರಾತ್ರಿಗೆ ಬೇರೆಯೇ ತೂಕದವನಾಗಿರುತ್ತಾನೆ. ಆರೋಗ್ಯಕ್ಕೂ ಕೇಡು, ನಿಯಮಕ್ಕೂ ಕೇಡು. ಮೊದಲ ಪಂದ್ಯಕ್ಕೆ ಸ್ವಲ್ಪ ಮುಂಚೆ, ಎದುರಾಳಿ ನಾಯಕನ ಕಣ್ಣೆದುರು ತೂಕ ಹಾಕಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ದೊಡ್ಡ ಲೀಗಿನಲ್ಲಿ ಸಮಬಲ ತರುವುದು ತಕ್ಕಡಿಯಲ್ಲ, ಹಣದ ಮಿತಿ. ಪ್ರೊ ಕಬಡ್ಡಿಯ ಇತ್ತೀಚಿನ ಹರಾಜುಗಳಲ್ಲಿ ಒಂದು ತಂಡ ಖರ್ಚು ಮಾಡಬಹುದಾದದ್ದು 5 ಕೋಟಿ ರೂಪಾಯಿ. ಬ್ರಿಟನ್ನಿನ ಸ್ಪೀಡ್‌ವೇಯಲ್ಲಿ ಹಣದ ಬದಲು ಅಂಕದ ಮಿತಿ: ತಂಡದ ಸವಾರರ ಸರಾಸರಿಗಳೆಲ್ಲ ಕೂಡಿ ಇಷ್ಟನ್ನು ದಾಟಬಾರದು. ಎರಡರ ಫಲವೂ ಒಂದೇ. ಗೆದ್ದ ತಂಡ ಹಾಗೇ ಉಳಿಯುವುದಿಲ್ಲ. ಆಟಗಾರರು ಬೆಳೆದರೆ ಅವರ ಬೆಲೆಯೋ ಸರಾಸರಿಯೋ ಏರುತ್ತದೆ, ಏರಿದರೆ ಅವರೆಲ್ಲರನ್ನೂ ಇಟ್ಟುಕೊಳ್ಳಲು ಜಾಗ ಸಾಲದು. ನಮ್ಮ ರಾಜ್ಯದವರೇ ಆದ ಬಿ.ಸಿ. ರಮೇಶ್ ತರಬೇತಿಯಲ್ಲಿ ಪುಣೇರಿ ಪಲ್ಟನ್ 2024ರ ಮಾರ್ಚ್‌ನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು 28-25ರಿಂದ ಸೋಲಿಸಿ ಕಪ್ ಎತ್ತಿತು. ಆ ತಂಡದಲ್ಲಿದ್ದ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಮುಂದಿನ ಹರಾಜಿನಲ್ಲಿ 2.07 ಕೋಟಿಗೆ ಅದೇ ಹರಿಯಾಣದ ಪಾಲಾದರು. ಆ ವರ್ಷದ ಕೊನೆಗೆ ಕಪ್ ಎತ್ತಿದ್ದು ಹರಿಯಾಣ. ಪುಣೆಯ ಅಭಿಮಾನಿಗೆ ಇದು ನೋವಿನ ಸಂಗತಿ. ಅದೇ ಸೀಸನ್ನಿನಲ್ಲಿ 22 ಪಂದ್ಯದಲ್ಲಿ ಎರಡೇ ಗೆದ್ದು ತಳದಲ್ಲಿ ಕೂತ ನಮ್ಮ ಬೆಂಗಳೂರು ಬುಲ್ಸ್‌ನ ಅಭಿಮಾನಿಗಳಿಗೆ ಮಾತ್ರ ಇದೇ ನಿಯಮ ಮುಂದಿನ ವರ್ಷದ ಆಸೆಯಾಗಿತ್ತು. ಒಂದೇ ನಿಯಮ ನಾವು ಪಟ್ಟಿಯ ಮೇಲಿದ್ದೇವೋ ಕೆಳಗಿದ್ದೇವೋ ಎಂಬುದರ ಮೇಲೆ ನ್ಯಾಯವಾಗಿಯೋ ಅನ್ಯಾಯವಾಗಿಯೋ ಕಾಣುತ್ತದೆ. ಅದಕ್ಕೇ ನಿಯಮವನ್ನು ನಮ್ಮ ತಂಡದ ಸ್ಥಾನ ನೋಡಿ ತೂಗಬಾರದು.

ನಿಯಮದ ಆಸರೆ ಇಲ್ಲದೆಯೂ ಸೋಲುವವನು ಏಳಬಲ್ಲ, ಅದನ್ನೂ ಹೇಳಬೇಕು. 2019ರ ಜನವರಿ 5ರ ಪ್ರೊ ಕಬಡ್ಡಿ ಫೈನಲಿನಲ್ಲಿ ಬುಲ್ಸ್ ಅರ್ಧ ಆಟ ಮುಗಿದಾಗ ಗುಜರಾತ್ ಎದುರು 9-16ರಿಂದ ಹಿಂದಿತ್ತು. ಕೊನೆಗೆ 38-33ರಿಂದ ಗೆದ್ದಿತು. ಪವನ್ ಒಬ್ಬರೇ ತಂದದ್ದು 22 ಅಂಕ. ರೈಡಿಗೆ ಹೋಗಿ ಮುಟ್ಟಿ ಬಂದರು, ಮುಟ್ಟಿದಷ್ಟು ಅಂಕ ಬಂತು, ಅಷ್ಟೇ ಜನ ಒಳಗೆ ಬಂದರು. ಸಂಜೀವಿನಿ ಪದ್ಧತಿಯ ಹಳೆಯ ಸೂತ್ರವೇ ಅಲ್ಲಿ ಸಾಕಾಯಿತು. ಆಟದ ಮೂಲ ವಿನ್ಯಾಸದಲ್ಲೇ ಹಿಂದೆ ಬಿದ್ದವನಿಗೆ ದಾರಿ ಇರುವಾಗ ಮೇಲಿಂದ ಮೇಲೆ ಹೊಸ ಆಸರೆ ಕಟ್ಟುವುದರಲ್ಲಿ ಎಚ್ಚರ ಬೇಕು ಎಂಬುದು ನನ್ನ ಅನಿಸಿಕೆ. ಸೂಪರ್ ರೈಡ್‌ಗೆ ಎರಡರಷ್ಟು, ಕೊನೆಯ ಐದು ನಿಮಿಷದ ಅಂಕಕ್ಕೆ ಎರಡರಷ್ಟು ಎಂದು ಕೆಲವು ಪಂದ್ಯಾವಳಿಗಳವರು ಯೋಚಿಸುತ್ತಿರುವುದು ಕಿವಿಗೆ ಬಿದ್ದಿದೆ. ಬೇಡ. ಮೊದಲ ನಿಮಿಷದಲ್ಲಿ ಮುಟ್ಟಿದ್ದಕ್ಕೂ ಕೊನೆಯ ನಿಮಿಷದಲ್ಲಿ ಮುಟ್ಟಿದ್ದಕ್ಕೂ ಪಡುವ ಶ್ರಮ ಒಂದೇ ಆಗಿದ್ದರೆ ಬೆಲೆಯೂ ಒಂದೇ ಇರಲಿ.

ಪಂದ್ಯಾವಳಿ ನಡೆಸುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಬಹುಮಾನದ ಮೊತ್ತ ಬರೆಯುವ ಪೋಸ್ಟರಿನ ಜೊತೆಗೆ ಒಂದು ಪುಟದ ನಿಯಮ ಹಾಳೆ ಅಚ್ಚು ಹಾಕಿಸಿ. ಯಾವ ನಿಯಮ ಪುಸ್ತಕ, ಎಷ್ಟು ನಿಮಿಷದ ಆಟ, ಥರ್ಡ್ ರೈಡ್, ಸೂಪರ್ ಟ್ಯಾಕಲ್, ಲಾಬಿ, ಟೈಬ್ರೇಕರ್, ಹೊರಗಿನ ಆಟಗಾರರ ಮಿತಿ, ತೂಕ ಹಾಕುವ ಸಮಯ. ಚೀಟಿ ಎತ್ತುವುದನ್ನು ಎಲ್ಲ ನಾಯಕರ ಎದುರು ಮಾಡಿ, ಬೈ ಸಿಕ್ಕುವುದು ಪ್ರತಿ ವರ್ಷ ಆತಿಥೇಯ ತಂಡಕ್ಕೇ ಆಗದಿರಲಿ. ಒಂದು ತಂಡ ಬೆನ್ನುಬೆನ್ನಿಗೆ ಮೂರು ಪಂದ್ಯ ಆಡಿ ಏದುಸಿರು ಬಿಡುತ್ತಾ ಫೈನಲಿಗೆ ಬರುವಾಗ ಎದುರಿನವರು ಎರಡು ಗಂಟೆ ಮಲಗೆದ್ದು ಬಂದಿರಬಾರದು. ಇದ್ಯಾವುದಕ್ಕೂ ಹೆಚ್ಚಿಗೆ ದುಡ್ಡು ಬೇಡ.

ಆಮೇಲೆ ಮೂರೇ ಜನ ಉಳಿದ ತಂಡ ನಿಮ್ಮ ಅತ್ಯುತ್ತಮ ರೈಡರ್‌ನ ಕಾಲು ಹಿಡಿದು ಎರಡು ಅಂಕ ತೆಗೆದುಕೊಂಡರೆ ಅಂಪೈರ್ ಕಡೆ ನೋಡಬೇಡಿ. ಆ ಎರಡು ಅಂಕ ಇದೆ ಎಂದು ನಿಮಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕಾಲು ಸಿಗುವಷ್ಟು ಒಳಗೆ ಹೋದದ್ದು ನಿಮ್ಮ ರೈಡರ್. ನಾಲ್ಕು ನಿಮಿಷ ಬಿಟ್ಟು ನೀವೇ ಮೂವರಿಗೆ ಇಳಿದಾಗ ಅದೇ ಎರಡು ಅಂಕ ನಿಮಗೂ ಕಾದಿರುತ್ತದೆ. ಹಿಡಿಯುವ ತಾಕತ್ತು ಇರಬೇಕು, ಅಷ್ಟೆ.